ಶೇಂಗಾ ಹೊಲಕ್ಕೆ ಬಂದ ಹಡಗು

ಹಗರಿ ಹೊಳೆಯ ಮರಳನ್ನು ಅಂಗೈಯಲ್ಲಿ ಹಿಡಿದು ಹೇಳುತ್ತಿದ್ದೇನೆ, ಇದರಲ್ಲಿ ಒಂದು ಮಾತು ಸುಳ್ಳಾಗಿದ್ದರೂ ನನ್ನ ಹೊಸ ಕಂಬಳಿಗೆ ನುಸಿ ಬೀಳಲಿ. ನಾನು ಇದ್ದದ್ದಕ್ಕಿಂತ ಹೆಚ್ಚು ಮಾಡಿ ಹೇಳುತ್ತೇನೆ ಎಂದು ಊರವರು ದೂರುತ್ತಾರೆ. ಇದನ್ನು ಮಾತ್ರ ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ, ಕೇಳುವವರ ಎದೆ ಎಷ್ಟು ತಡೆದೀತು ಎಂದು ನೋಡಿಕೊಂಡು.

ಯೋಗೀಶ ಅಮರಾಪುರದವನು. ಭೈರವಾನಿತಿಪ್ಪದ ಉಜ್ಜಿನಮ್ಮನ ಮಗಳು ಲಲಿತಾಳನ್ನು ಮದುವೆಯಾಗಿ ಮನೆ ಅಳಿಯನಾಗಿ ಬಂದಿದ್ದ. ಉಜ್ಜಿನಮ್ಮನದು ಕುರಿಯ ಮನೆತನ. ಸಂಜೆ ಕುರಿಗಳನ್ನು ಹೊಲದಲ್ಲಿ ತರುಬಿ ಸುತ್ತ ಬಲೆ ಕಟ್ಟುವುದು, ಆಮೇಲೆ ಕರಿ ಉಣ್ಣೆಯ ದಾರಕ್ಕೆ ಗಂಟು ಹಾಕಿ ತೋಳದ ಬಾಯಿ ಕಟ್ಟುವುದು ಅವಳ ಪದ್ಧತಿ. ಗಂಟು ಇರುವ ತನಕ ತೋಳ ಬಾಯಿ ತೆರೆಯಲಾರದು. ಬೆಳಗ್ಗೆ ಮರೆಯದೆ ಬಿಚ್ಚಬೇಕು. ತೋಳಕ್ಕೂ ಹೊಟ್ಟೆಯಿದೆಯಲ್ಲ.

"ದಾರಕ್ಕೇ ತೋಳ ಹೆದ್ರಂಗಿದ್ರೆ ನಾಯಿಗ್ಯಾಕೆ ಮುದ್ದೆ ಹಾಕ್ತೀರತ್ತೆ?" ಎಂದು ಯೋಗೀಶ ನಗುತ್ತಿದ್ದ.

ಮೀನು ಹಿಡಿದು ಹಳತಾದ ಬಲೆಗಳೇ ನಮ್ಮ ಕಡೆ ಕುರಿಗಳಿಗೆ ಬೇಲಿ. ಈ ಸಲ ರಾಯದುರ್ಗದಲ್ಲಿ ಕೊಂಡ ಬಲೆ ಮಾತ್ರ ಬೇರೆ ತರಹದ್ದು. ಅದರ ಒಂದು ಮೂಲೆಯಲ್ಲಿ ಮುಷ್ಟಿ ಗಾತ್ರದ ಗಂಟು, ಗಂಟಿನೊಳಗೆ ಸುತ್ತಿದ ಮನುಷ್ಯರ ಕೂದಲು. ಮಾರಿದವನು ಹೇಳಿಯೇ ಕೊಟ್ಟಿದ್ದ: ಬಿರುಗಾಳಿಯಲ್ಲಿ ಮುಳುಗಿದ ಹಡಗಿನ ಬಲೆ ಇದು, ದಡಕ್ಕೆ ಬಂದದ್ದು ಇದೊಂದೇ. ಮುಳುಗಿದ ಹಡಗು ಸಂಜೆಯಾದರೆ ತನ್ನ ಬಲೆ ಹುಡುಕಿಕೊಂಡು ಕಡಲನ್ನೇ ಎಳೆದುಕೊಂಡು ಬರುತ್ತಿತ್ತು. ಮಾಟಗಾರನೊಬ್ಬ ಕಡಲಿನ ಬಾಯಿಯನ್ನು ಈ ಗಂಟಿನಲ್ಲಿ ಕಟ್ಟಿದ ಮೇಲೆ ನಿಂತಿತು.

"ಅದನ್ನ ಬಿಚ್ಚಬ್ಯಾಡ್ರಿ ಅಳಿಯಾರ," ಎಂದಳು ಉಜ್ಜಿನಮ್ಮ. "ತ್ವಾಳ ಆದ್ರ ನಮ್ಮೂರಿಂದು. ಇದು ಎಲ್ಲಿದೋ ಏನೋ."

"ಇಲ್ಲಿಂದ ಕಡಲಿಗೆ ಬಸ್ಸಲ್ಲೋದ್ರೂ ಒಂದಿನ ಬೇಕು. ಅದು ಯಾವ ಬಸ್ ಹತ್ಕಂಡು ಬತ್ತದಂತೆ?"

ಕೊನೆಯ ಗೂಟಕ್ಕೆ ಹಗ್ಗ ಸಾಲುತ್ತಿರಲಿಲ್ಲ. ಗಂಟಿನೊಳಗೆ ಬೇಕಾದಷ್ಟು ಹಗ್ಗವಿತ್ತು. ಯೋಗೀಶ ಹಲ್ಲು ಹಾಕಿ ಎಳೆದ. ಗಂಟು ಸಡಿಲವಾಯಿತು. ನಾಲಿಗೆಗೆ ಹತ್ತಿದ ಕೂದಲನ್ನು ಉಗಿದ. ಬಾಯೆಲ್ಲ ಉಪ್ಪು.

ಇನ್ನೂ ಗುಡ್ಡದ ನೆತ್ತಿಯ ಮೇಲೆ ಬಿಸಿಲಿತ್ತು. ಮೊದಲು ವಾಸನೆ ಬಂತು: ಕೊಳೆತ ಮೀನು, ಟಾರು, ಬಹಳ ಕಾಲ ನೀರಲ್ಲಿ ನೆನೆದ ಮರ. ಆಮೇಲೆ ಗಾಳಿ. ನಮ್ಮ ಕಡೆ ಗಾಳಿ ಬಂದರೆ ಕಣ್ಣಿಗೆ ದೂಳು ಬರುತ್ತದೆ. ಈ ಗಾಳಿ ಒದ್ದೆಯಾಗಿತ್ತು. ಬೊಗಳುತ್ತಿದ್ದ ನಾಯಿಗಳು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದವು. ಕುರಿಗಳೆಲ್ಲ ಒಮ್ಮೆಗೇ ಮೂಡಣಕ್ಕೆ ತಿರುಗಿ ನಿಂತವು.

ಬಲೆಯೊಳಗೆ ನೀರು ಏಳತೊಡಗಿತು. ಬಲೆಯಾಚೆ ಒಣ ಕೆಮ್ಮಣ್ಣು, ಈಚೆ ಕಡಲು. ಬಲೆಯ ಕಣ್ಣುಗಳಿಂದ ಒಂದು ಹನಿಯೂ ಹೊರಗೆ ಸೋರಲಿಲ್ಲ. ನೀರು ಕುರಿಗಳ ಮೊಣಕಾಲಿಗೆ ಬಂತು. ಹೊಟ್ಟೆಗೆ ಬಂತು.

ಆಮೇಲೆ ಹಡಗು ಬಂತು.

ಶೇಂಗಾ ಹೊಲವನ್ನು ಸೀಳಿಕೊಂಡು ಬಂತು. ಕಪ್ಪು ಮೂತಿ ಬೇವಿನ ಮರಕ್ಕಿಂತ ಎತ್ತರ. ಹಡಗಿನ ತಳದ ಅಡಿಮರ ಗಿಡಗಳನ್ನು ಬುಡಮೇಲು ಮಾಡುತ್ತ ಬರುತ್ತಿತ್ತು, ನೇಗಿಲಿನ ಹಾಗೆ. ಮೇಲೆ ಅಂಚಿನುದ್ದಕ್ಕೂ ಜನ. ಎಲ್ಲರ ಬಾಯಿ ತೆರೆದಿತ್ತು. ಬಾಯಿಂದ ನೀರು ಸುರಿಯುತ್ತಿತ್ತು. ನಿಲ್ಲದೆ.

ಉಜ್ಜಿನಮ್ಮ ಸೀರೆ ಎತ್ತಿಕಟ್ಟಿ ನೀರಿಗಿಳಿದಳು. ಎರಡೂ ಹೆಗಲ ಮೇಲೆ ಮರಿಗಳನ್ನು ಹೊತ್ತು ಕೂಗಿದಳು. "ಕಟ್ರಿ ಅಳಿಯಾರ, ಗಂಟು ಕಟ್ರಿ."

"ಕಟ್ಟಿದ್ರೂ ಬಿಚ್ಕತಾ ಐತತ್ತೆ."

"ಬರೇ ಗಂಟಿಗೆ ನಿಲ್ಲಂಗಿಲ್ಲ. ಯಾರದರ ಕೂದಲು ಸುತ್ತಿ, ಅವರ ಬಾಯಿ ಇಟ್ಟು ಕಟ್ಟಬೇಕ್ರಿ. ಕುರಿ ಬಾಯಿ ಕಟ್ಟೀನಿ ಅಂತ ಹೇಳಿಬಿಡ್ರಿ. ಉಪಾಸ ಸಾಯ್ತಾವ, ಸಾಯ್ಲಿ. ನೀವು ಈಚಿಗೆ ಬರ್ರಿ."

ಯೋಗೀಶ ಕುರಿಗಳನ್ನು ನೋಡಿದ. ನೀರಿನ ಮೇಲೆ ಬರೀ ಮೂತಿಗಳು. ಕುರಿ ಹೋದರೆ ಆ ಮನೆಯಲ್ಲಿ ಉಳಿಯುವುದು ಖಾಲಿ ಗೂಟ. ತಲೆಯೆತ್ತಿ ಹಡಗಿನವರನ್ನು ನೋಡಿದ. ಅವರು ಕೈ ಚಾಚಿದ್ದರು. ಬೆರಳುಗಳು ಬಲೆಗೆ ತಾಗುತ್ತಿದ್ದವು.

"ಒಂದು ಮರೀನೂ ಕೊಡಕಿಲ್ಲ ಕಣ್ರಲೇ," ಎಂದ.

ತಲೆಗೆ ಕೈಹಾಕಿದ. ಕೂದಲು ಕಿತ್ತ. ಹಗ್ಗಕ್ಕೆ ಸುತ್ತಿದ. ಗಾಳಿ ಅವನನ್ನು ಗೂಟಕ್ಕೆ ಬಡಿಯಿತು. ಎದ್ದ. ಮತ್ತೆ ಬಡಿಯಿತು. ಮೊಣಕಾಲಲ್ಲಿ ಹಗ್ಗ ಒತ್ತಿಹಿಡಿದ. ಬಿಗಿದ.

"ನನ್ ಬಾಯಿ ಇಕ್ಕಿ ಕಟ್ಟಿವ್ನಿ. ಮುಚ್ಕಂಡು ಹೋಗ್ರಲೇ."

ಅವನು ಆಡಿದ ಕೊನೆಯ ಮಾತು ಅದು.

ನೀರು ಇಂಗಲಿಲ್ಲ, ಹರಿಯಲಿಲ್ಲ, ಇಲ್ಲವಾಯಿತು. ಹಡಗೂ ಇಲ್ಲ. ಕುರಿಗಳು ಮೈ ಕೊಡವಿ ಸೀನಿದವು. ಉಣ್ಣೆಯ ಮೇಲೆ ಉಪ್ಪು ಬೆಳ್ಳಗೆ ಕೂತಿತ್ತು. ಆ ಹೊಲದ ಶೇಂಗಾವನ್ನು ಇವತ್ತಿಗೂ ಉಪ್ಪು ಹಾಕದೆ ಹುರಿಯಬಹುದು, ನಾನೇ ತಿಂದಿದ್ದೇನೆ.

ಯೋಗೀಶನ ತುಟಿಗಳು ಮಾತ್ರ ಒಂದಕ್ಕೊಂದು ಬೆಸೆದುಕೊಂಡವು. ಒಂದು ಕೊನೆಯಲ್ಲಿ ಬಿದಿರಿನ ಗೊಟ್ಟದ ತುದಿ ಹಿಡಿಸುವಷ್ಟು ಸಂದಿ ಉಳಿಯಿತು. ಕಾಯಿಲೆಯ ಕುರಿಗೆ ಔಷಧಿ ಹೊಯ್ಯುವ ಅದೇ ಗೊಟ್ಟದಲ್ಲಿ ಲಲಿತಾ ಅವನಿಗೆ ರಾಗಿ ಅಂಬಲಿ ಹೊಯ್ಯುತ್ತಾಳೆ. ಉಜ್ಜಿನಮ್ಮ ದಿನಾ ಬೆಳಗ್ಗೆ ಗಂಟಿಗೆ ಕೈಹಾಕುತ್ತಾಳೆ, "ಸಾಕು ಬಿಡ್ರಿ, ಬಿಚ್ತೀನಿ" ಎನ್ನುತ್ತಾಳೆ. ಅವನು ಅವಳ ಕೈ ಹಿಡಿದು ತಲೆಯಾಡಿಸುತ್ತಾನೆ. ಆಮೇಲೆ ಕುರಿ ಹೊಡೆದುಕೊಂಡು ಹೊರಡುತ್ತಾನೆ, ಎದೆಯೆತ್ತಿಕೊಂಡೇ.

ಅಳಿಯನ ಪಾಡು ಕಣ್ಣಾರೆ ನೋಡಲು ಆಗದೆ ಉಜ್ಜಿನಮ್ಮ ಮೊನ್ನೆ ಗುಮ್ಮಗಟ್ಟದ ಕಡೆಯ ಒಬ್ಬ ಮಂತ್ರಗಾರನನ್ನು ಕೇಳಿ ಬಂದಳು. ಒಂದು ಬಾಯಿಗೆ ಬದಲು ಇನ್ನೊಂದು ಬಾಯಿ ಇಡಬಹುದಂತೆ. ಊರವರದು ನಡೆಯುವುದಿಲ್ಲ. ಹೊರಗಿನವರದಾಗಬೇಕು, ಇಂಥದ್ದನ್ನು ನಂಬದವರದಾದರೆ ಗಂಟು ಇನ್ನೂ ಗಟ್ಟಿ. ನೀವು ಆಗಿನಿಂದ ಮುಸಿಮುಸಿ ನಗುತ್ತಿದ್ದೀರಿ, ಅದಕ್ಕೇ ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಷ್ಟುದ್ದ ಹೇಳಿದೆ.

"ಯಾಕ್ರಿ, ಎದ್ದುಬಿಟ್ರಿ? ಚಾ ಆದ್ರೂ ಕುಡದು ಹೋಗ್ರಿ. ಹೆದರಬ್ಯಾಡ್ರಿ, ಅದಕ್ಕ ಬೇಕಾಗಿದ್ದು ಒಂದು ಕೂದಲು ಅಷ್ಟ. ಅದನ್ನೂ ನಿಮ್ಮ ಹೆಗಲ ಮ್ಯಾಲಿಂದ ಆಗಲೇ ನಾನು ತಗೊಂಡೀನಿ."