ದೊರೆಗೆ ಸೂಜಿ ಬೇಡವಾದ ಮೇಲೆ

"ಅಲ್ಲಾಡಬೇಡ್ವೇ! ಮುಳ್ಳು ನಿಲ್ತಾನೇ ಇಲ್ಲ," ಎಂದು ಅಕ್ಕ ನೆಲಕ್ಕೆ ಬಗ್ಗಿ ಕಣ್ಣು ಕಿರಿದು ಮಾಡಿದಳು.

"ನಾನೆಲ್ಲಿ ಅಲ್ಲಾಡ್ತಿದೀನಿ? ಇವನು ಬಾಲ ಆಡಿಸ್ತಿದಾನೆ!"

ಟೈಲರಮ್ಮ ಬೆಕ್ಕನ್ನು ಎದೆಗವಚಿಕೊಂಡು ತೂಕದ ಯಂತ್ರದ ಮೇಲೆ ನಿಂತಿದ್ದಳು. ಮೊದಲು ಇಬ್ಬರನ್ನೂ ಸೇರಿಸಿ ತೂಗುವುದು, ಆಮೇಲೆ ಅವಳೊಬ್ಬಳನ್ನು. ಕಳೆದು ಉಳಿದದ್ದು ಬೆಕ್ಕಿನ ಪಾಲು. ಸೋಮವಾರ ಬಂತೆಂದರೆ ಇದೇ ಕೆಲಸ.

"ಐದೂ ಕಾಲು. ಹೋದ ವಾರದಷ್ಟೇ. ನೀನು ಮಾತ್ರ ಒಂದು ಕೆಜಿ ಏರಿದೀಯ."

"ನನ್ನದನ್ನ ಯಾರು ಕೇಳಿದ್ರು ನಿನ್ನ?"

ಬೂದು ಬಣ್ಣದ ಆ ಬೆಕ್ಕಿನ ಹೆಸರು ದೊರೆ. ದೊರೆಗೆ ಸಕ್ಕರೆ ಕಾಯಿಲೆ. ಎಂಟು ತಿಂಗಳು, ಹೊತ್ತಿಗೆ ಸರಿಯಾಗಿ, ದಿನಕ್ಕೆರಡು ಬಾರಿ ಇನ್ಸುಲಿನ್ ಚುಚ್ಚಿದ ಕೈ ಟೈಲರಮ್ಮನದು. ಈಗ ಸೂಜಿ ನಿಲ್ಲಿಸಿ ನೂರ ನಾಲ್ಕು ದಿನ!

"ಕಾಯಿಲೆ ಹೋಗಿಲ್ಲಮ್ಮ, ಮುಸುಕು ಹಾಕ್ಕೊಂಡು ಮಲಗಿದೆ ಅಷ್ಟೇ. ಕಾವಲು ಬಿಡಬೇಡಿ," ಎಂದಿದ್ದರು ಡಾಕ್ಟರಮ್ಮ.

ಬಿಟ್ಟರೆ ತಾನೆ? ಹೊಲಿಗೆ ಮೆಷಿನ್ನಿನ ಮೇಲಿನ ಗೋಡೆಯಲ್ಲಿ ಉದ್ದನೆಯ ಹಾಳೆ. ವಾರದ ತೂಕ, ದಿನಕ್ಕೆ ಕುಡಿದ ನೀರು, ಎಷ್ಟು ಸಲ ಉಚ್ಚೆ, ಕಿವಿಯಂಚಿನ ಒಂದು ಹನಿ ರಕ್ತದಲ್ಲಿ ಎಷ್ಟು ಸಕ್ಕರೆ... ಎಲ್ಲವೂ ಅದರಲ್ಲಿ. ಬಟ್ಟೆ ಕೊಡಲು ಬಂದವರು ಅಳತೆ ಕೊಡುವ ಮೊದಲು ಆ ಹಾಳೆಯನ್ನು ನೋಡಲೇಬೇಕು!

ಆದರೆ ಅಂದೇ ಆಸ್ಪತ್ರೆಯ ತಪಾಸಣೆಯಲ್ಲಿ, ಪಕ್ಕದ ನಾಯಿಯ ಬೊಗಳಾಟದ ನಡುವೆ, ಸಕ್ಕರೆ ಯಂತ್ರ ಇನ್ನೂರ ಎಂಬತ್ತಾರು ತೋರಿಸಿತು.

ಮನೆಯಲ್ಲಿ ನೂರು ದಾಟದ ಸಕ್ಕರೆ!

"ಹೊರಗಡೆ ಯಾರಾದ್ರೂ ಏನಾದ್ರೂ ತಿನ್ನಿಸ್ತಾರಾ?" ಡಾಕ್ಟರಮ್ಮ ಕೇಳಿದರು. "ಇದು ಈ ಕ್ಷಣದ ಸಕ್ಕರೆ. ಎರಡು ಮೂರು ವಾರದ ಸರಾಸರಿ ತಿಳಿಯೋ ಪರೀಕ್ಷೆ ಇದೆ, ಅದಕ್ಕೂ ರಕ್ತ ಕಳಿಸ್ತೀನಿ. ಒಂದು ವಾರ ಆಗುತ್ತೆ. ಅಲ್ಲಿವರೆಗೆ ಸೂಜಿ ಮುಟ್ಟಬೇಡಿ. ಆಮೇಲೆ... ನೋಡೋಣ."

ಮನೆ ಮುಂದೆ ಬುಟ್ಟಿಯ ಮುಚ್ಚಳ ಸಡಿಲವಾಗಿದ್ದೇ ತಡ, ದೊರೆ ಟಣ್ಣನೆ ಜಿಗಿದು ಅವರ ಮಹಡಿ ಮನೆಯ ಕೆಳಗಿದ್ದ ಗಡಿಯಾರದ ಅಂಗಡಿಗೆ ನುಗ್ಗಿದ. ಮೇಜಿನಡಿ ಇದ್ದ ಗಾಜಿನ ಬಟ್ಟಲಿಗೆ ಬಾಯಿ ಹಾಕಿದ. ತನ್ನದೇ ಮನೆ ಎಂಬಂತೆ!

ಗಡಿಯಾರ ರಿಪೇರಿಯವನು ಅಲ್ಲಿಗೆ ಬಂದು ನಾಲ್ಕು ತಿಂಗಳಾಗಿತ್ತು. ಬೆಳಿಗ್ಗೆ ಅವನ ಶಟರ್ ಎತ್ತುವ ಸದ್ದಿಗೇ ಅವಳು ಮೆಷಿನ್ನಿಗೆ ಕೂರುವುದು. ಆದರೂ ಮುಖ ನೋಡಿದ್ದು ಅಂದೇ ಮೊದಲು.

"ಓಹೋ, ನೀವೇನಾ ತಿನ್ನಿಸ್ತಿರೋದು! ಎಂಟು ತಿಂಗಳ ನನ್ನ ಕಷ್ಟ ನೀರುಪಾಲು ಮಾಡಿದ್ರಲ್ರೀ!"

ಅವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರ ತೆಗೆದ. ಶಾಂತವಾದ ಕಣ್ಣು.

"ಸಕ್ಕರೆ ಕಾಯಿಲೆ, ಏನೂ ತಿನ್ನಿಸಬೇಡಿ ಅಂತ ಇವನ ಕೊರಳಪಟ್ಟಿಯಲ್ಲೇ ಬರೆದು ಹಾಕಿದೀರಲ್ಲ. ನನಗೆ ಓದೋಕೆ ಬರುತ್ತೆ. ಅದು ಬರೀ ನೀರು."

"ಕಳ್ಳರೆಲ್ಲ ಹೇಳೋದು ಹೀಗೇ!"

ಮಾತು ಬಾಯಿಂದ ಹಾರಿಯಾಗಿತ್ತು. ಅವನ ಮುಖ ಸಣ್ಣದಾಯಿತು. ಬೆಕ್ಕನ್ನು ಎತ್ತಿ ಅವಳ ಕೈಗಿಟ್ಟ. ಅಷ್ಟು ಮೆಲ್ಲಗೆ... ಅದೇ ಅವಳನ್ನು ಚುಚ್ಚಿತು!

ಅಂದಿನಿಂದ ದೊರೆಗೆ ಮನೆಯಲ್ಲೇ ಸೆರೆ.

ಸಂಜೆ ಕಿವಿ ಚುಚ್ಚಿ ನೋಡಿದಳು. ತೊಂಬತ್ತಾರು. ಮರುದಿನ ತೊಂಬತ್ತೆರಡು. ಮನೆಯ ಯಂತ್ರ ಕೆಟ್ಟಿತೇ? ಇನ್ನೊಂದು ಆತಂಕವೂ ಬಂತು. ದಿನಕ್ಕೆ ನಲವತ್ತು ಎಂಎಲ್ ಕುಡಿಯುತ್ತಿದ್ದ ದೊರೆ ಈಗ ಎಪ್ಪತ್ತೈದು ಕುಡಿಯತೊಡಗಿದ್ದ. ನೀರು ಏರಿತೆಂದರೆ ಕಾಯಿಲೆ ಎದ್ದಿತೆಂದೇ ಲೆಕ್ಕ!

"ಮತ್ತೆ ಸೂಜಿ ಅಕ್ಕಾ... ನಾನೇ ಎಲ್ಲೋ ಸೋತೆ," ಎಂದು ಅತ್ತುಬಿಟ್ಟಳು.

ಅಕ್ಕ ಸುಮ್ಮನಿರುವ ಪೈಕಿಯೇ? ಕೈಗಡಿಯಾರದ ನೆಪ ಹೂಡಿ ಕೆಳಗಿಳಿದು ಎಲ್ಲ ಒದರಿ ಬಂದಳು. ಹತ್ತೇ ನಿಮಿಷ, ಬಾಗಿಲಲ್ಲಿ ಅವನು. ಕೈಯಲ್ಲೊಂದು ಪುಟ್ಟ ಪುಸ್ತಕ.

"ನೀರು ಜಾಸ್ತಿ ಆಗಿದೆ ಅಂದ್ರು ನಿಮ್ಮಕ್ಕ. ಇದನ್ನೂ ಕೂಡಿಸಿ ನೋಡಿ," ಎಂದು ಕೊಟ್ಟು, ಉತ್ತರಕ್ಕೂ ಕಾಯದೆ ಇಳಿದು ಹೋದ.

ಅವಳು ಪುಟ ತಿರುವಿದಳು. ನಾಲ್ಕು ತಿಂಗಳ ತಾರೀಖು. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಹದಿನೈದು ಎಂಎಲ್. ಮಧ್ಯಾಹ್ನ ಮೂರೂ ಐದಕ್ಕೆ ಇಪ್ಪತ್ತು... ಗಾಜಿನ ಬಟ್ಟಲಿಗೆ ಗೆರೆ ಕೊರೆದು ಅಳೆದಿದ್ದ! ಹೆಚ್ಚುಕಡಿಮೆ ಪ್ರತಿದಿನವೂ ಮೂವತ್ತೈದು.

ಮನೆಯ ನಲವತ್ತು, ಅಂಗಡಿಯ ಮೂವತ್ತೈದು... ಎಪ್ಪತ್ತೈದು!

ನೀರು ಏರಿರಲೇ ಇಲ್ಲ. ಬಾಗಿಲು ಹಾಕಿದ್ದರಿಂದ ಎರಡು ಬಟ್ಟಲಿನ ನೀರನ್ನು ದೊರೆ ಒಂದೇ ಕಡೆ ಕುಡಿಯುತ್ತಿದ್ದ, ಅಷ್ಟೇ!

ಒಂದು ಪುಟದ ಅಂಚಿನಲ್ಲಿ ಸಣ್ಣ ಅಕ್ಷರ: 'ಇವತ್ತು ಮಹಡಿಯಲ್ಲಿ ನಗು ಕೇಳಿಸಿತು. ದೊರೆಯ ಸಕ್ಕರೆ ಚೆನ್ನಾಗಿರಬೇಕು.'

ಅವಳ ಕೆನ್ನೆ ಬಿಸಿಯಾಯಿತು. ನನ್ನ ನಗುವನ್ನೂ ಬರೆದಿಟ್ಟನೇ...? ಅಂಥವನನ್ನು ಕಳ್ಳ ಎಂದೆನಲ್ಲ!

ವಾರ ತುಂಬುತ್ತಿದ್ದಂತೆ ಡಾಕ್ಟರಮ್ಮ ಫೋನ್ ಮಾಡಿದರು. "ಸರಾಸರಿ ಸರಿಯಾಗೇ ಇದೆ! ಅವತ್ತು ಪಕ್ಕದ ನಾಯಿ ಬೊಗಳ್ತಲ್ಲ, ಹೆದರಿ ಸಕ್ಕರೆ ಏರಿದೆ. ಬೆಕ್ಕುಗಳಿಗೆ ಹಾಗಾಗುತ್ತೆ. ನಿಮ್ಮ ಗೋಡೆ ಹಾಳೆಯ ಫೋಟೊ ಕಳಿಸಿ, ಇಲ್ಲಿ ಅಂಟಿಸ್ತೀನಿ. ಬೇರೆಯವರೂ ನೋಡಿ ಕಲೀಲಿ."

ಟೈಲರಮ್ಮನ ಕೊರಳು ಎರಡಂಗುಲ ಉದ್ದವಾಯಿತು! ಮೊದಲು ಗಡಿಯಾರದವನ ಪುಸ್ತಕದ ಅಂಕಿಗಳನ್ನೂ ಹಾಳೆಗೆ ಏರಿಸಿದಳು. ಆಮೇಲೆಯೇ ಫೋಟೊ ತೆಗೆದಳು.

ದೊರೆಗೆ ಬಿಡುಗಡೆಯಾಯಿತು. ಅಂದೇ ಒಂದು ಕಾಗದವನ್ನೂ ಬರೆದಳು. ಕ್ಷಮೆಯ ಮೂರು ಸಾಲು ಸಲೀಸಾಗಿ ಬಂದವು. ನಾಲ್ಕನೆಯದು, 'ನಿಮ್ಮ ಶಟರಿನ ಸದ್ದು ಕೇಳದೆ ನನಗೆ ಹೊಲಿಗೆ ಸಾಗುವುದಿಲ್ಲ'. ಆ ಒಂದು ಸಾಲಿಗೆ ಹೆದರಿ ಕಾಗದ ನಲವತ್ತು ದಿನ ಪೆಟ್ಟಿಗೆಯಲ್ಲೇ ಕೂತಿತು. ಪ್ರತಿ ಸಂಜೆ ಅಕ್ಕನೇ ಅಂಗಡಿಯ ಅಂಕಿ ಕೇಳಿಕೊಂಡು ಬರುತ್ತಿದ್ದಳು.

"ನನ್ನ ಮಂಡಿ ಸವೀತು ಕಣೇ, ಈ ಮೆಟ್ಟಿಲು ಹತ್ತಿ ಇಳಿದು! ಬೆಕ್ಕಿಗೆ ಕಿವಿ ಚುಚ್ಚೋ ಧೈರ್ಯ ಇದೆ, ಇಷ್ಟಕ್ಕಿಲ್ವಾ?"

ಸೂಜಿ ಬಿಟ್ಟ ನೂರೈವತ್ತನೆಯ ದಿನ ಅವಳ ಕಾಲುಗಳು ತಾವಾಗಿಯೇ ಮೆಟ್ಟಿಲಿಳಿದವು.

"ಇವತ್ತು ದೊರೆಗೆ..."

"ನೂರೈವತ್ತು," ಎಂದ ಅವನು, ತಲೆ ಎತ್ತುವ ಮೊದಲೇ. "ನಾನೂ ಎಣಿಸ್ತಿದೀನಿ. ನಮ್ಮ ದೊರೆ ಗಟ್ಟಿಗ."

"ನಮ್ಮ?"

ಅವನ ಕಿವಿ ಕೆಂಪಾಯಿತು. "ತಪ್ಪಾಯ್ತಾ?"

"ತಪ್ಪು ನನ್ನದು. ಅವತ್ತು ಹಾಗಂದೆ... ಒಂದು ಕಾಗದ ಬರೆದಿದೀನಿ. ಕೈಗೆ ಕೊಡೋಕೆ ಆಗ್ತಿಲ್ಲ."

"ಹಾಗಾದ್ರೆ ಅಂಚೆಗೆ ಹಾಕಿ."

"ಹನ್ನೆರಡು ಮೆಟ್ಟಿಲಿನ ದೂರಕ್ಕೆ ಅಂಚೇನಾ?"

"ಬರಲಿ. ಎರಡು ದಿನ ಕಾಯ್ತೀನಿ. ಅದೂ ಒಂದು ಸುಖ!"

ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ.

ಮೇಲೆ ಹೋಗಿ ಕಾಗದ ತೆಗೆದಳು. ನಾಲ್ಕನೆಯ ಸಾಲನ್ನು ಹೊಡೆದು ಹಾಕಲಿಲ್ಲ. ಅದರ ಕೆಳಗೆ ಹೆಸರು ಬರೆಯುವ ಬದಲು 'ನಿಮ್ಮ ಟೈಲರಮ್ಮ' ಎಂದು ದಪ್ಪಕ್ಷರದಲ್ಲಿ ಬರೆದು, ಲಕೋಟೆಗೆ ಅಂಟು ಸವರಿದಳು.

"ಎಲ್ಲಿಗೇ ಹೊರಟೆ?" ಎಂದಳು ಅಕ್ಕ.

"ಅಂಚೆ ಡಬ್ಬಕ್ಕೆ!" ಬೀದಿಗೆಲ್ಲ ಕೇಳುವಂತೆ ಅಂದಳು.

ಅಂಗಡಿಯ ಮುಂದಿನಿಂದಲೇ ತಲೆಯೆತ್ತಿ ನಡೆದಳು. ತಿರುವಿನಲ್ಲಿದ್ದ ಡಬ್ಬದ ಬಾಯೊಳಗೆ ಲಕೋಟೆ ಇಟ್ಟು, ಬೆರಳು ಸಡಿಲಿಸಿದಳು.