ಬೀಸುವ ಕಲ್ಲಿನ ದಂಡೆ

ಕಾಗೆ ಗುಬ್ಬಿಗಳೂ ನಮ್ಮ ನಿಮ್ಮಂತೆ ಮಾತಾಡುತ್ತಿದ್ದ ಕಾಲದಲ್ಲಿ ಹೊಂಬಾಳೆಪುರ ಎಂಬ ರಾಜ್ಯವಿತ್ತು. ರಾಜನೂ ಇದ್ದ, ಹೆಸರಿಗಷ್ಟೇ. ಅಲ್ಲಿನ ಕೆರೆಗಳನ್ನೆಲ್ಲ ಕಂಟಕಯ್ಯನೆಂಬ ಮಾಂತ್ರಿಕ ವಶಮಾಡಿಕೊಂಡಿದ್ದ. ಅವನ ಕಾಲಿಗೆ ಬೀಳದವರಿಗೆ ಬೊಗಸೆ ನೀರೂ ಇಲ್ಲ. ಜವರನೆಂಬವನು ಮಾತ್ರ ಬೀಳಲಿಲ್ಲ. ಹೆಂಡತಿ ಚಿಕ್ಕತಾಯಿಯ ಜೊತೆ ಸೇರಿ ಹಿತ್ತಿಲಲ್ಲೇ ಪುಟ್ಟ ಕೊಳ ತೋಡಿದ. ನೀರು ಉಕ್ಕಿತು. ದಂಡೆ ಕಟ್ಟುವುದೊಂದೇ ಬಾಕಿ ಎನ್ನುವಾಗ ಮಾಂತ್ರಿಕ ಬಂದು, ಜವರನನ್ನು ಆಮೆ ಮಾಡಿ ಅದೇ ಕೊಳಕ್ಕೆ ಎಸೆದ.

“ಅಮಾವಾಸ್ಯೆಯೊಳಗೆ ಇವನು ತಾನಾಗಿ ದಂಡೆ ಹತ್ತಿದರೆ ಮನುಷ್ಯನಾಗುತ್ತಾನೆ, ಇವನ ಜಾಗಕ್ಕೆ ನಾನು ಇಳಿಯಬೇಕು. ನನ್ನ ಮಂತ್ರದ ಕಟ್ಟಳೆಯೇ ಹಾಗೆ. ಆದರೆ ನೀನು ಕೈ ಸೋಕಿಸಿದೆಯೋ, ಸಾಯೋತನಕ ಆಮೆಯೇ!” ಎಂದು ಚಿಕ್ಕತಾಯಿಗೆ ಹೇಳಿ ಹೋದ.

ಮಣ್ಣಿನ ದಂಡೆಯೋ, ಆಮೆ ಕಾಲಿಟ್ಟಲ್ಲೆಲ್ಲ ಕುಸಿಯುತ್ತಿತ್ತು. ಚಿಕ್ಕತಾಯಿಗೆ ಕೂತರೆ ನಿಲ್ಲುವ ಹಾಗೆ, ನಿಂತರೆ ಓಡುವ ಹಾಗೆ. ಅನ್ನ ಸೇರಲಿಲ್ಲ.

ಮೊದಲು ಒಬ್ಬ ವ್ಯಾಪಾರಿ ಬಂದ. ಅವನ ಗಾಡಿಯ ತುಂಬ ಬೆಣ್ಣೆಯಂಥ ಬಿಳಿಗಲ್ಲು. “ಪುಕ್ಕಟೆ ತಗೊಳ್ಳಮ್ಮ” ಅಂದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹೇಳುವವರು ಅಲ್ಲಿ ಯಾರಿದ್ದರು? ಮೂಡಣ ದಂಡೆಗೆ ಜೋಡಿಸಿದಳು. ಆಮೆ ಹತ್ತಿತು, ಸರ್ರನೆ ಜಾರಿತು.

ಆಮೇಲೆ ಹಸಿರು ಸೀರೆಯ ಹೆಂಗಸೊಬ್ಬಳು ಮೆರುಗಿನ ಹೆಂಚು ತಂದಳು. ಚಿಕ್ಕತಾಯಿ ಅದನ್ನು ತೆಂಕಣ ದಂಡೆಗೆ ಹಾಕಿದಳು. ಆಮೆ ಹತ್ತಿತು, ಸರ್ರನೆ ಜಾರಿತು.

ಕೊನೆಗೆ ಒಬ್ಬ ಜೋಗಿ ಗಂಧದ ದಿಮ್ಮಿಗಳನ್ನು ಹೊರಿಸಿಕೊಂಡು ಬಂದ. ಆತುರಗಾರನಿಗೆ ಬುದ್ಧಿ ಮಟ್ಟ. ಅದನ್ನೂ ಪಡುವಣ ದಂಡೆಗೆ ಇಟ್ಟಳು. ನೀರು ಕುಡಿದು ಮರ ಲೋಳೆಗಟ್ಟಿತು. ಆಮೆ ಮತ್ತೆ ಜಾರಿತು. ಜೋಗಿ ಕಿಸಕ್ಕನೆ ನಕ್ಕ. ಆ ನಗು ಕಂಟಕಯ್ಯನದು! ಮೂರು ವೇಷವೂ ಅವನದೇ ಎಂದು ತಿಳಿಯುವಷ್ಟರಲ್ಲಿ ಮಾಯವಾಗಿದ್ದ.

ಅಮಾವಾಸ್ಯೆ ಬೆಳಗಾಯಿತು. ಉಳಿದದ್ದು ಬಡಗಣ ದಂಡೆ ಒಂದೇ.

“ರಾಗಿ ಬೀಸಿ ನೀನಾದರೂ ಉಣ್ಣೇ” ಎಂದಿತು ಆಮೆ. ಮಾತು ಮಾತ್ರ ಜವರನದೇ.

ಸುಮ್ಮನೆ ಕೂರಲಾರದೆ ಬೀಸಲು ಕೂತಳು. ಕಲ್ಲು ಗಿರಗಿರ ತಿರುಗಿತು, ರಾಗಿ ಇಡಿಯಾಗಿಯೇ ಹೊರಬಂತು. ಸವೆದ ಕಲ್ಲನ್ನು ವರ್ಷಕ್ಕೊಮ್ಮೆ ಉಳಿಯಿಂದ ಕುಟ್ಟಿ ಒರಟು ಮಾಡುತ್ತಿದ್ದವನು ಜವರ. ಈ ವರ್ಷ ಅವನು ನೀರಿನಲ್ಲಿದ್ದ. ದುಃಖ ಉಕ್ಕಿ ಬಂತು. ತಾನೇ ಉಳಿ ಹಿಡಿದು ಕುಟ್ಟತೊಡಗಿದವಳು ತಟಕ್ಕನೆ ಕೈ ನಿಲ್ಲಿಸಿದಳು.

“ಅಯ್ಯೋ ನನ್ನ ಬುದ್ಧಿಯೇ! ನುಣ್ಣಗಿರೋ ಕಲ್ಲು ರಾಗೀನೇ ಹಿಡಿಯಲ್ಲ, ನಿಮ್ಮ ಕಾಲು ಹಿಡಿಯುತ್ತಾ?”

ಬೀಸುವ ಕಲ್ಲಿನ ಎರಡು ಹೋಳು, ಖಾರ ಅರೆಯುವ ಕಲ್ಲು, ಮೂರನ್ನೂ ಕುಟ್ಟಿ ಕುಟ್ಟಿ ಒರಟು ಮಾಡಿದಳು. ಅಂಗೈಗೆ ಬೊಬ್ಬೆ ಬಂತು. ಹೊತ್ತು ಇಳಿಯುವಾಗ ಅವನ್ನು ಉರುಳಿಸಿ, ಬಡಗಣ ದಂಡೆಯಲ್ಲಿ ನೀರಿನಿಂದ ಮೇಲಕ್ಕೆ ಓರೆಯಾಗಿ ಹೂಳಿದಳು.

ಕಂಟಕಯ್ಯ ಬಂದು ನಿಂತ. “ಬಿಳಿಗಲ್ಲು ಬಿಟ್ಟು ಈ ಕುರೂಪವೇ?”

ಆಮೆ ಉಗುರೂರಿತು. ಕಲ್ಲು ಹಿಡಿಯಿತು. ಒಂದು ಕಲ್ಲು ದಾಟಿತು, ಎರಡು ದಾಟಿತು. ಮೂರನೆಯದರಲ್ಲಿ ಒಂದು ಕಾಲು ತಪ್ಪಿ ಹಿಂದಕ್ಕೆ ವಾಲಿತು.

“ಹಿಡಿದುಕೋ, ನಿನ್ನ ಗಂಡನಲ್ಲವೇ!” ಎಂದ ಮಾಂತ್ರಿಕ ಸವಿಯಾಗಿ.

ಅವಳ ಕೈ ಮುಂದೆ ಹೋಯಿತು. ತಡೆದಳು. ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತು, “ಹತ್ತಿ, ನೀವೇ ಹತ್ತಿ” ಎಂದು ಅತ್ತಳು.

ಆಮೆ ಒಣನೆಲ ಮುಟ್ಟಿತು. ಅಲ್ಲಿ ಜವರ ಎದ್ದು ನಿಂತ, ಮೈಯೆಲ್ಲ ಕೆಸರು. ಅದೇ ಗಳಿಗೆಯಲ್ಲಿ ಕಂಟಕಯ್ಯ ಕುಗ್ಗಿ ಆಮೆಯಾಗಿ ನೀರಿಗೆ ಬಿದ್ದ. ಚಿಕ್ಕತಾಯಿ ಮೊದಲು ಮಾಡಿದ ಕೆಲಸ, ತನ್ನ ಮೂರು ಕಲ್ಲನ್ನೂ ಕಿತ್ತದ್ದು. ಬಡಗಣ ದಂಡೆಗೆ ಉಳಿದಿದ್ದ ಬಿಳಿಗಲ್ಲನ್ನೇ ಜೋಡಿಸಿದಳು.

ಕೆರೆಗಳು ಊರಿನವಾದವು. ರಾಜನೂ ಧೈರ್ಯವಾಗಿ ಸ್ನಾನ ಮಾಡಿದ. ಚಿಕ್ಕತಾಯಿ, ಜವರ ಎದುರುಬದುರು ಕೂತು ಒಂದೇ ಗೂಟ ಹಿಡಿದು ರಾಗಿ ಬೀಸುತ್ತ ನೂರು ಕಾಲ ಬಾಳಿದರು. ಹಿತ್ತಿಲ ಕೊಳದಲ್ಲಿ ಒಂದು ಆಮೆ ತಾನೇ ತಂದ ಕಲ್ಲನ್ನು ಹತ್ತುತ್ತದೆ, ಸರ್ರನೆ ಜಾರುತ್ತದೆ.