ಬಂಡೆಯಡಿಯ ಸದ್ದು

"ರೀ! ಅದರ ಮೇಲೆ ಅದೆಲ್ಲ ಇಡಬೇಡಿ!"

ಅಳತೆಯ ಯಂತ್ರದ ಮೂರು ಕಾಲುಗಳನ್ನು ಬಂಡೆಯ ಮೇಲೆ ಊರುತ್ತಿದ್ದ ಸರ್ವೆಯರ್ ಬೆಚ್ಚಿ ತಿರುಗಿದ. ಹೊಳೆಯಲ್ಲಿ ಮೊಣಕಾಲುದ್ದದ ನೀರಿಗೆ ಇಳಿದು ಒಬ್ಬ ಯುವತಿ ನಿಂತಿದ್ದಳು. ಅವಳ ಹಿಂದೆ ಏಳು ಮಕ್ಕಳು. ಎಲ್ಲರೂ ಅವನನ್ನೇ ದುರುಗುಟ್ಟಿ ನೋಡುತ್ತಿದ್ದರು.

"ಕಲ್ಲು ತಾನೇ, ಮೇಡಂ?"

"ನಮ್ಮ ಶಾಲೆ ಅದು."

"ಕಪ್ಪುಹಲಗೆ ಎಲ್ಲಿ?"

ಅವಳಿಗೆ ನಗು ಬಂತು... ಎಡವಟ್ಟಾದದ್ದು ಅಲ್ಲೇ!

ಅವಳ ಅಜ್ಜಿಯ ಭಾಷೆಯನ್ನು ಬಾಯ್ತುಂಬ ಆಡುವವರು ಉಳಿದದ್ದು ಇಬ್ಬರೇ: ಅಜ್ಜಿ ಮತ್ತು ಅವಳು. ಆ ಭಾಷೆಯಲ್ಲೊಂದು ಗಂಟಲ ಸದ್ದಿತ್ತು. ಅದನ್ನು ಕೋಣೆಯೊಳಗೆ ಕಲಿಸಕೂಡದೆಂಬುದು ಅಜ್ಜಿಯ ಕಟ್ಟಪ್ಪಣೆ. ಬಂಡೆಯ ಮೇಲೆ ಬೋರಲು ಮಲಗಿ ಗದ್ದವನ್ನು ಕಲ್ಲಿಗೆ ಒತ್ತಬೇಕು. ಅಡಿಯಲ್ಲಿ ನುಗ್ಗುವ ನೀರಿನ ನಡುಕ ದವಡೆಗೆ ಹತ್ತಿದಾಗ ಬಾಯಿ ತೆರೆಯಬೇಕು.

ಸರ್ವೆಯರ್ ಎಂಟನೆಯ ವಿದ್ಯಾರ್ಥಿಯಾದ. ಎಲ್ಲರಿಗಿಂತ ದಡ್ಡ.

"ಅಜ್ಜೀ, ಈಗ ಸರಿಯಾಯ್ತಾ?"

"ಮೀನಿನ ಮುಳ್ಳು ಸಿಕ್ಕಿಕೊಂಡಿದ್ರೆ ನುಂಗಿಬಿಡಪ್ಪಾ."

ಅವನ ಕೆನ್ನೆಗೆ ಮೆತ್ತಿದ ಪಾಚಿ ಒರೆಸಲು ಮೊಮ್ಮಗಳ ಕೈ ತಾನಾಗಿ ಚಾಚಿತು... ಮಕ್ಕಳು ಮುಸಿಮುಸಿ ನಕ್ಕರು.

ಮೂರನೆಯ ತಿಂಗಳ ಒಂದು ಶನಿವಾರ ಬೆಳಿಗ್ಗೆ ಬಂಡೆ ಸಿಡಿಯಿತು. ರಸ್ತೆಗೆ ಜಲ್ಲಿ ಬೇಕಿತ್ತಂತೆ. ನೀರು ದಾರಿ ತಪ್ಪಿತು. ಅಜ್ಜಿ ಮಾತು ಬಿಟ್ಟಳು; ಹನ್ನೊಂದನೆಯ ದಿನ ಉಸಿರನ್ನೂ ಬಿಟ್ಟಳು. ಒಡೆಯುವ ಜಾಗದ ನಕ್ಷೆಯನ್ನು ಗುತ್ತಿಗೆದಾರ ಬಿಡಿಸಿ ತೋರಿಸಿದ. ಕೆಳಗೆ ಸರ್ವೆಯರನ ಸಹಿ!

'ಅಷ್ಟು ದಿನ ಮಲಗಿ ಕೇಳಿಸಿಕೊಂಡದ್ದು ಇದಕ್ಕಾ?'

ಅವನು ಬಂದಾಗ ಬಾಗಿಲು ಹಾಕಿಕೊಂಡಳು. ಪಾಠ ಕೋಣೆಯೊಳಗೆ ಬಂತು. ಮಕ್ಕಳಿಗೆ ಆ ಸದ್ದು ಹತ್ತಲಿಲ್ಲ. ಏಳು ಮಕ್ಕಳು ಇಬ್ಬರಾದರು. ಒಂದು ಬೆಳಿಗ್ಗೆ ಅವಳ ಗಂಟಲಿಂದಲೂ ಅದು ಹೊರಡಲಿಲ್ಲ...

ಅಂದು ಮಧ್ಯಾಹ್ನ ಅವನು ಮತ್ತೆ ಬಂದ. ಮೈತುಂಬ ಕೆಸರು.

"ಆ ನಕ್ಷೆ ನಾನು ಬಂದ ಮೊದಲ ವಾರದ್ದು, ಟೀಚರ್. ಆಮೇಲೆ ಬಂಡೆ ಮುಟ್ಟಬೇಡಿ ಅಂತ ವರದಿ ಬರೆದಿದ್ದೆ. ಸಿಡಿಸೋ ಹಿಂದಿನ ದಿನ, ಶುಕ್ರವಾರ, ಆಫೀಸಿಗೆ ಕೊಡಬೇಕಿತ್ತು."

"ಕೊಡಲಿಲ್ವಾ?"

"ಶುಕ್ರವಾರ ನೀವು ಪಾಠಕ್ಕೆ ಕರೆದಿದ್ರಿ. ಸೋಮವಾರ ಕೊಟ್ಟರಾಯ್ತು ಅಂದ್ಕೊಂಡೆ..."

ಮೋಸ ಮಾಡಿದ್ದರೆ ದ್ವೇಷಿಸಿ ಹಗುರಾಗಬಹುದಿತ್ತು. ಇದನ್ನು ಏನು ಮಾಡುವುದು?

ಅವಳು ಅವನ ಎದೆಗೆ ಗುದ್ದಿದಳು. ಇನ್ನೊಮ್ಮೆ ಗುದ್ದಿದಳು. ಅವನು ಅಲುಗಲಿಲ್ಲ.

"ಆಯ್ತಾ? ಈಗ ಬನ್ನಿ. ಇಪ್ಪತ್ತು ದಿನದಿಂದ ನೀರು ಹುಡುಕ್ತಿದ್ದೀನಿ."

ಜಲ್ಲಿ ರಾಶಿಯಾಚೆ, ತಗ್ಗಿನಲ್ಲಿ, ಒಂದು ಚಪ್ಪಟೆ ಕಲ್ಲು. ಅವಳು ಬೋರಲು ಮಲಗಿ ಗದ್ದ ಒತ್ತಿದಳು. ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ, ಬಹಳ ಆಳದಿಂದ, ಸಣ್ಣ ನಡುಕ ದವಡೆಗೆ ಹತ್ತಿತು...

ಗಂಟಲು ಬಿಚ್ಚಿತು. ಸದ್ದು ಬಂತು, ಅದರ ಬೆನ್ನಿಗೇ, ಅಜ್ಜಿ ಹೋದಂದಿನಿಂದ ತಡೆದಿಟ್ಟ ಅಳು. ಹಳೆಯ ಸದ್ದಲ್ಲ ಅದು, ಸ್ವಲ್ಪ ಗೊಗ್ಗರು. ಅಜ್ಜಿಯಾದರೆ ಪಾಸು ಮಾಡುತ್ತಿರಲಿಲ್ಲ.

ಅವನು ಪಕ್ಕದಲ್ಲಿ ಮಲಗಿದ. ಆ ಭಾಷೆಯಲ್ಲಿ ತನಗೆ ಗೊತ್ತಿದ್ದ ಒಂದೇ ಪೂರ್ತಿ ಮಾತನ್ನು ಕಷ್ಟಪಟ್ಟು ಹೇಳಿದ: ನಿನ್ನನ್ನು ಬಿಟ್ಟು ಹೋಗುವುದಿಲ್ಲ.

"ತಪ್ಪು," ಎಂದಳು, ಕಣ್ಣೊರೆಸಿಕೊಳ್ಳುತ್ತ.

"ಎಲ್ಲಿ?"

"ಗಂಟಲಲ್ಲಿ... ಉಳಿದದ್ದು ಸರಿ ಇದೆ."

"ಮತ್ತೆ ಹೇಳಲಾ?"

"ನಾಳೆ ಆ ಇಬ್ಬರು ಮಕ್ಕಳನ್ನ ಕರ್ಕೊಂಡು ಬರ್ತೀನಿ. ಅವರ ಮುಂದೆ ಬೇಡ." ಅವನ ಕೆನ್ನೆಯ ಕೆಸರನ್ನು ಹೆಬ್ಬೆರಳಿನಿಂದ ಒರೆಸಿದಳು. "ಈಗಲೇ ಹೇಳು."